ಔಷಧೀಯ ಸಸ್ಯಗಳ ಅಂಗಾಂಶ ಕೃಷಿ ಮತ್ತು ಸಸಿಗಳ ಆನುವಂಶಿಕ ಸ್ಥಿರತೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬೆಳೆಗಾರರಿಗೆ ಮಾರ್ಗದರ್ಶಿ

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ, ಕಾಫಿ, ಕಾಳುಮೆಣಸು ಮತ್ತು ಭತ್ತ ಪ್ರಧಾನ ಬೆಳೆಗಳು. ಹಳದಿ ಎಲೆ ರೋಗವು ಈ ಭಾಗದ ಅಡಿಕೆ ತೋಟಗಳನ್ನು ದಶಕಗಳಿಂದ ಕಾಡುತ್ತಿದ್ದು, ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಅದರೊಡನೆ ಸೇರಿಕೊಂಡಿದೆ. ಇಳುವರಿ ಕುಸಿದ ತೋಟಗಳಲ್ಲಿ ಅಂತರ ಬೆಳೆಯಾಗಿ, ಪಾಳುಬಿದ್ದ ಗದ್ದೆಗಳಲ್ಲಿ ಪರ್ಯಾಯ ಬೆಳೆಯಾಗಿ ಔಷಧೀಯ ಸಸ್ಯಗಳನ್ನು ಬೆಳೆಯಲು ಅನೇಕ ರೈತರು ಆಸಕ್ತಿ ತೋರುತ್ತಿದ್ದಾರೆ. ಇದರೊಂದಿಗೆ 'ಟಿಶ್ಯೂ ಕಲ್ಚರ್ ಸಸಿ' ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಸಸಿಗಳ ಮಾರಾಟವೂ ನಡೆಯುತ್ತದೆ.

ಅಂಗಾಂಶ ಕೃಷಿಯ ಸಸಿಗಳೆಲ್ಲವೂ ತಾಯಿ ಗಿಡದ ತದ್ರೂಪವಾಗಿರುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಭಾಗಶಃ ಮಾತ್ರ ಸತ್ಯ. ಸಸಿಯು ತಾಯಿ ಗಿಡದ ಗುಣಗಳನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳುತ್ತದೆ ಎಂಬುದು ಮೂರು ಅಂಶಗಳನ್ನು ಅವಲಂಬಿಸಿದೆ: ತಾಯಿ ಗಿಡದ ಆಯ್ಕೆ, ಪ್ರಯೋಗಾಲಯದಲ್ಲಿ ಸಸಿ ರೂಪುಗೊಂಡ ವಿಧಾನ ಮತ್ತು ಅದು ದಾಟಿಬಂದ ವೃದ್ಧಿ ಚಕ್ರಗಳ ಸಂಖ್ಯೆ. ಈ ಮೂರನ್ನು ವಿಚಾರಿಸದೆ ಸಸಿ ಕೊಂಡ ರೈತರಿಗೆ ದೋಷ ಗೋಚರಿಸುವುದು ಒಂದೆರಡು ವರ್ಷಗಳ ನಂತರ, ಕೊಯ್ಲಿನ ವೇಳೆಗೆ. ಆದ್ದರಿಂದ ಈ ವಿಷಯದ ಮೂಲ ತತ್ತ್ವಗಳನ್ನು ಬೆಳೆಗಾರರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ.

ಅಂಗಾಂಶ ಕೃಷಿ ಯಾವಾಗ ಅಗತ್ಯ?

ಕಾಳುಮೆಣಸಿನ ಉದಾಹರಣೆಯನ್ನು ಗಮನಿಸಬಹುದು. ಪಣಿಯೂರು-1 ಒಂದು ಸಂಕರಣ ತಳಿ. ಅದರ ಕಾಳನ್ನು ಬಿತ್ತಿದರೆ ಹುಟ್ಟುವ ಬಳ್ಳಿಗಳು ಒಂದರಂತೆ ಒಂದಿರುವುದಿಲ್ಲ. ಅದೇ ಬಳ್ಳಿಯ ಕಾಂಡದ ತುಂಡನ್ನು ಬೇರು ಬರಿಸಿ ನೆಟ್ಟರೆ ತಾಯಿ ಬಳ್ಳಿಯ ಗುಣವೇ ಬರುತ್ತದೆ. ಅಂಗಾಂಶ ಕೃಷಿಯೂ ತತ್ತ್ವತಃ ಇದೇ ನಿರ್ಲಿಂಗ ವೃದ್ಧಿ. ಕಾಂಡದ ತುಂಡಿನ ಬದಲು ಕೆಲವೇ ಮಿಲಿಮೀಟರ್ ಗಾತ್ರದ ಮೊಗ್ಗನ್ನು ರೋಗಾಣುರಹಿತ ವಾತಾವರಣದಲ್ಲಿ, ಪೋಷಕ ಮಾಧ್ಯಮದ ಮೇಲೆ ಬೆಳೆಸಲಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹೀಗಾಗಿ ಸುಲಭವಾಗಿ ಬೇರೂರುವ ಸಸ್ಯಗಳಿಗೆ ಅಂಗಾಂಶ ಕೃಷಿ ಅನಿವಾರ್ಯವಲ್ಲ. ಒಂದೆಲಗವನ್ನು ಅದರ ಹಬ್ಬುಬಳ್ಳಿಯಿಂದಲೂ, ಹಿಪ್ಪಲಿಯನ್ನು ಗೆಣ್ಣುಗಳಿರುವ ಕಾಂಡದಿಂದಲೂ, ಬಜೆಯನ್ನು ಗೆಡ್ಡೆಯ ತುಂಡಿನಿಂದಲೂ ರೈತರೇ ವೃದ್ಧಿಸಿಕೊಳ್ಳಬಹುದು. ಈ ಕೆಳಗಿನ ಸಂದರ್ಭಗಳಲ್ಲಿ ಮಾತ್ರ ಅಂಗಾಂಶ ಕೃಷಿಗೆ ಹೆಚ್ಚಿನ ವೆಚ್ಚ ಮಾಡುವುದು ಸಮರ್ಥನೀಯ:

1. ಬೀಜದ ಮೊಳಕೆ ಪ್ರಮಾಣ ಕಡಿಮೆಯಿದ್ದು, ಕಾಂಡದ ತುಂಡುಗಳೂ ಸುಲಭವಾಗಿ ಬೇರೂರದ ಸಸ್ಯಗಳಲ್ಲಿ.
2. ಉತ್ಕೃಷ್ಟ ಗುಣದ ಒಂದೆರಡು ತಾಯಿ ಗಿಡಗಳಷ್ಟೇ ಲಭ್ಯವಿದ್ದು, ಅಲ್ಪಾವಧಿಯಲ್ಲಿ ಸಾವಿರಾರು ಸಸಿಗಳು ಬೇಕಾದಾಗ.
3. ಸಾಂಪ್ರದಾಯಿಕ ನಾಟಿ ಸಾಮಗ್ರಿಯ ಮೂಲಕ ಬೇರು ಕೊಳೆ, ಜಂತುಹುಳು ಅಥವಾ ನಂಜುರೋಗ ಹರಡುವ ಅಪಾಯವಿದ್ದಾಗ.
4. ಕಾಡಿನಲ್ಲಿ ವಿರಳವಾಗಿರುವ ಸಸ್ಯಗಳನ್ನು ಅಲ್ಲಿಂದ ಕೀಳದೆಯೇ ಸಸ್ಯಾಭಿವೃದ್ಧಿ ಮಾಡಬೇಕಾದಾಗ.

ಪ್ರಯೋಗಾಲಯದ ಹಂತಗಳು

ಮೊದಲನೆಯ ಹಂತ ತಾಯಿ ಗಿಡದ ಆಯ್ಕೆ. ಗಿಡದ ಜಾತಿ, ಆರೋಗ್ಯ ಹಾಗೂ ಅದರ ಔಷಧೀಯ ಘಟಕದ ಪ್ರಮಾಣವನ್ನು ಪರೀಕ್ಷಿಸಿ ದಾಖಲಿಸಬೇಕು. ತಾಯಿ ಗಿಡವೇ ಸಾಧಾರಣವಾಗಿದ್ದರೆ ಅದರ ಹತ್ತು ಸಾವಿರ ಪ್ರತಿಗಳೂ ಸಾಧಾರಣವೇ ಆಗಿರುತ್ತವೆ.

ಎರಡನೆಯ ಹಂತದಲ್ಲಿ ತುದಿಮೊಗ್ಗು ಅಥವಾ ಗೆಣ್ಣಿನ ಮೊಗ್ಗನ್ನು ತೊಳೆದು, ನಿರ್ಜಂತುಗೊಳಿಸಿ ಪೋಷಕ ಮಾಧ್ಯಮಕ್ಕೆ ವರ್ಗಾಯಿಸಲಾಗುತ್ತದೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಮಾಧ್ಯಮವೇ ಇಂದಿಗೂ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಲವಣಗಳು, ಜೀವಸತ್ವಗಳು, ಲೀಟರಿಗೆ 30 ಗ್ರಾಂ ಸಕ್ಕರೆ ಮತ್ತು ಗಟ್ಟಿಗೊಳಿಸಲು ಅಗರ್ ಇದರಲ್ಲಿರುತ್ತವೆ. ರಸಸಾರವನ್ನು ಸುಮಾರು 5.8ಕ್ಕೆ ಹೊಂದಿಸಿ, 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒತ್ತಡದ ಹಬೆಯಿಂದ ಶುದ್ಧೀಕರಿಸಲಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ತೆಗೆದ ಮೊಗ್ಗುಗಳಲ್ಲಿ ಶಿಲೀಂಧ್ರ ಮತ್ತು ದುಂಡಾಣುಗಳ ಸೋಂಕು ಅಧಿಕವಾಗಿರುವುದರಿಂದ, ತಾಯಿ ಗಿಡಗಳನ್ನು ಮಳೆ ಬೀಳದ ನೆರಳು ಮನೆಯಲ್ಲಿ ಕೆಲವು ವಾರ ಇರಿಸಿ, ಹೊಸ ಚಿಗುರು ಬಂದ ನಂತರ ಮೊಗ್ಗು ತೆಗೆಯುವುದು ಉತ್ತಮ.

ಮೂರನೆಯದು ವೃದ್ಧಿ ಹಂತ. ಸೈಟೋಕೈನಿನ್ ವರ್ಗದ ಸಸ್ಯಚೋದಕಗಳ ಪ್ರಭಾವದಿಂದ ಒಂದು ಮೊಗ್ಗಿನಿಂದ ಹಲವು ಚಿಗುರುಗಳು ಹೊರಡುತ್ತವೆ. ಅವನ್ನು ಬಿಡಿಸಿ, ಸಾಮಾನ್ಯವಾಗಿ 3ರಿಂದ 5 ವಾರಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ಬದಲಿಸಲಾಗುತ್ತದೆ. ಹೀಗೆ ಬದಲಿಸುವ ಒಂದೊಂದು ಸುತ್ತನ್ನೂ ಒಂದು ವೃದ್ಧಿ ಚಕ್ರ ಎನ್ನುತ್ತೇವೆ. ನಾಲ್ಕನೆಯ ಹಂತದಲ್ಲಿ ಆಕ್ಸಿನ್ ವರ್ಗದ ಚೋದಕಗಳ ನೆರವಿನಿಂದ ಚಿಗುರುಗಳಿಗೆ ಬೇರು ಬರಿಸಲಾಗುತ್ತದೆ. ಕೊನೆಯದಾಗಿ ಸಸಿಗಳನ್ನು ಹೊರಗಿನ ವಾತಾವರಣಕ್ಕೆ ಹದಗೊಳಿಸಲಾಗುತ್ತದೆ.

ಸಸಿ ರೂಪುಗೊಳ್ಳುವ ಮೂರು ವಿಧಾನಗಳು

ಬಾಟಲಿಯೊಳಗಿನ ಸಸಿಗಳು ನೋಡಲು ಒಂದೇ ಬಗೆಯಾಗಿದ್ದರೂ ಅವು ಹುಟ್ಟಿಬಂದ ಬಗೆ ಬೇರೆ ಬೇರೆ ಇರಬಹುದು. ಆನುವಂಶಿಕ ಸ್ಥಿರತೆಯ ದೃಷ್ಟಿಯಿಂದ ಈ ಭೇದವೇ ಮುಖ್ಯವಾದುದು.

ಅ) ಇರುವ ಮೊಗ್ಗಿನಿಂದ: ಎಲೆಯ ಕಂಕುಳಲ್ಲಿ ಅಥವಾ ಕಾಂಡದ ತುದಿಯಲ್ಲಿ ಈಗಾಗಲೇ ಇರುವ ಮೊಗ್ಗು ನೇರವಾಗಿ ಚಿಗುರುತ್ತದೆ. ಮೊಗ್ಗಿನ ಕೋಶಗಳು ಸುವ್ಯವಸ್ಥಿತವಾಗಿ ವಿಭಜನೆಗೊಳ್ಳುವುದರಿಂದ ತಪ್ಪುಗಳು ಅತಿ ಕಡಿಮೆ. ವಾಣಿಜ್ಯ ಸಸ್ಯಾಭಿವೃದ್ಧಿಗೆ ಇದು ಅತ್ಯಂತ ವಿಶ್ವಾಸಾರ್ಹ ವಿಧಾನ.

ಆ) ಹೊಸದಾಗಿ ಮೂಡಿಸಿದ ಮೊಗ್ಗಿನಿಂದ: ಎಲೆ, ತೊಟ್ಟು ಅಥವಾ ಬೇರಿನ ತುಂಡಿನಂತಹ, ಮೊಗ್ಗಿಲ್ಲದ ಭಾಗದ ಕೋಶಗಳಿಂದ ಚಿಗುರು ಬರಿಸಲಾಗುತ್ತದೆ. ಇಲ್ಲಿ ವ್ಯತ್ಯಾಸದ ಸಂಭವ ಮಧ್ಯಮ. ಎಲೆಯಲ್ಲಿ ಎರಡು ಬಣ್ಣದ ಪಟ್ಟೆಗಳಿರುವಂತಹ, ಭಿನ್ನ ಕೋಶಪದರಗಳ ಮಿಶ್ರಣದಿಂದಾದ ಗಿಡಗಳು ಈ ವಿಧಾನದಲ್ಲಿ ತಮ್ಮ ಲಕ್ಷಣವನ್ನು ಕಳೆದುಕೊಳ್ಳುತ್ತವೆ.

ಇ) ಕ್ಯಾಲಸ್ ಮೂಲಕ: ಗಾಯಗೊಂಡ ಅಂಗಾಂಶವು ರೂಪವಿಲ್ಲದ ಕೋಶಮುದ್ದೆಯಾಗಿ ಬೆಳೆಯುತ್ತದೆ. ಇದೇ ಕ್ಯಾಲಸ್. ಇದರಿಂದ ಚಿಗುರು ಅಥವಾ ಭ್ರೂಣದಂತಹ ರಚನೆಗಳನ್ನು ಪಡೆದು ಸಸಿ ಮಾಡಲಾಗುತ್ತದೆ. ಒಂದೇ ಬಾರಿಗೆ ಅಪಾರ ಸಂಖ್ಯೆಯ ಸಸಿ ದೊರೆಯುತ್ತವೆಯಾದರೂ ವ್ಯತ್ಯಾಸದ ಸಂಭವ ಅತಿ ಹೆಚ್ಚು. 2,4-ಡಿ ಯಂತಹ ಪ್ರಬಲ ಆಕ್ಸಿನ್‌ಗಳ ದೀರ್ಘ ಬಳಕೆ ಈ ಸಂಭವವನ್ನು ಮತ್ತಷ್ಟು ಹೆಚ್ಚಿಸುತ್ತದೆ.

ವ್ಯತ್ಯಾಸ ಏಕೆ ಮತ್ತು ಹೇಗೆ ಉಂಟಾಗುತ್ತದೆ?

ಅಂಗಾಂಶ ಕೃಷಿಯಿಂದ ಬಂದ ಗಿಡಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಎಂಬ ವಿಜ್ಞಾನಿಗಳು 1981ರಲ್ಲಿ 'ಸೋಮಾಕ್ಲೋನಲ್ ವ್ಯತ್ಯಾಸ' ಎಂಬ ಹೆಸರನ್ನಿತ್ತರು. ಇದನ್ನು ಮೂರು ಮಟ್ಟಗಳಲ್ಲಿ ಅರ್ಥಮಾಡಿಕೊಳ್ಳಬಹುದು.

ಒಂದು, ವರ್ಣತಂತುಗಳ ಸಂಖ್ಯೆಯೇ ಬದಲಾಗುವುದು ಅಥವಾ ಅವು ತುಂಡಾಗಿ ಮರುಜೋಡಣೆಗೊಳ್ಳುವುದು. ಎರಡು, ವಂಶವಾಹಿಯ ಬರಹದಲ್ಲಿ, ಅಂದರೆ ಡಿಎನ್‌ಎ ಸರಣಿಯಲ್ಲಿ, ಸಣ್ಣ ಮಾರ್ಪಾಡಾಗುವುದು. ಮೂರು, ಬರಹ ಹಾಗೆಯೇ ಇದ್ದರೂ ಅದರ ಮೇಲಿನ ರಾಸಾಯನಿಕ ಗುರುತುಗಳು ಬದಲಾಗಿ, ಮೌನವಾಗಿರಬೇಕಾದ ವಂಶವಾಹಿ ಜಾಗೃತವಾಗುವುದು ಅಥವಾ ಜಾಗೃತವಾಗಿರಬೇಕಾದುದು ಮೌನವಾಗುವುದು. ಈ ಮೂರನೆಯ ಬಗೆಯನ್ನು ಪತ್ತೆ ಮಾಡುವುದು ಕಷ್ಟ.

ತಾಳೆ ಎಣ್ಣೆ ಬೆಳೆಯ ಅನುಭವ ಇದಕ್ಕೆ ಎಚ್ಚರಿಕೆಯ ಉದಾಹರಣೆ. ಕ್ಯಾಲಸ್ ವಿಧಾನದಿಂದ ವೃದ್ಧಿಸಿದ ತಾಳೆ ಗಿಡಗಳು ಆರಂಭದಲ್ಲಿ ಸಹಜವಾಗಿಯೇ ಬೆಳೆದರೂ, ಹೂವು ಬಿಡುವ ವೇಳೆಗೆ ಅವುಗಳಲ್ಲಿ ಕೆಲವು ವಿಕೃತ ಹಣ್ಣು ಬಿಟ್ಟು ಇಳುವರಿ ಕಳೆದುಕೊಂಡವು. ಡಿಎನ್‌ಎ ಸರಣಿಯಲ್ಲಿ ದೋಷ ಕಾಣಿಸಲಿಲ್ಲ. 'ಕರ್ಮ' ಎಂದು ಹೆಸರಿಸಲಾದ ಡಿಎನ್‌ಎ ಭಾಗವೊಂದರ ಮೇಲಿನ ರಾಸಾಯನಿಕ ಗುರುತು ಅಳಿಸಿಹೋಗಿರುವುದೇ ಇದಕ್ಕೆ ಕಾರಣವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ನರ್ಸರಿಯಲ್ಲಿ ಚೆನ್ನಾಗಿ ಕಂಡ ಸಸಿ ತೋಟದಲ್ಲಿಯೂ ಚೆನ್ನಾಗಿಯೇ ಇರುತ್ತದೆ ಎಂದು ಭಾವಿಸಬಾರದೆಂಬುದು ಇದರ ಪಾಠ.

ವೃದ್ಧಿ ಚಕ್ರಗಳ ಸಂಖ್ಯೆ ಏಕೆ ಮುಖ್ಯ ಎಂಬುದನ್ನು ಒಂದು ಲೆಕ್ಕದ ಮೂಲಕ ತಿಳಿಯಬಹುದು. ಒಂದು ಚಿಗುರು ಪ್ರತಿ ಚಕ್ರದಲ್ಲಿ ನಾಲ್ಕಾಗುತ್ತದೆ ಎಂದುಕೊಳ್ಳೋಣ. 8 ಚಕ್ರಗಳ ನಂತರ 65,536 ಚಿಗುರುಗಳಾಗುತ್ತವೆ. ಎರಡನೆಯ ಚಕ್ರದ ಕೊನೆಗಿದ್ದ 16 ಚಿಗುರುಗಳಲ್ಲಿ ಒಂದು ಬದಲಾಗಿದ್ದರೆ, ಅಂತಿಮವಾಗಿ ಅದರ ಸಂತತಿ 4,096 ಸಸಿಗಳಷ್ಟಾಗುತ್ತದೆ. ಅದೇ ಬದಲಾವಣೆ ಏಳನೆಯ ಚಕ್ರದ ಕೊನೆಯಲ್ಲಿ ಒಂದು ಚಿಗುರಿನಲ್ಲಿ ಆದರೆ ಕೆಡುವುದು ನಾಲ್ಕು ಸಸಿ ಮಾತ್ರ. ಅಂದರೆ ಆರಂಭದಲ್ಲಾದ ತಪ್ಪು ನಂತರದ ಪ್ರತಿ ಚಕ್ರದಲ್ಲೂ ನಾಲ್ಕು ಪಟ್ಟಾಗುತ್ತದೆ. ಚಕ್ರಗಳನ್ನು ಮುಂದುವರಿಸಿದಷ್ಟೂ ಹೊಸ ತಪ್ಪುಗಳಿಗೆ ಅವಕಾಶ ಹೆಚ್ಚುತ್ತದೆ ಮತ್ತು ಹಳೆಯ ತಪ್ಪುಗಳು ಹಾಗೆಯೇ ಉಳಿಯುತ್ತವೆ. ಬಾಳೆಯಲ್ಲಿ ಸುಮಾರು 8 ಚಕ್ರಗಳ ನಂತರ ಹಳೆಯ ಸಾಲನ್ನು ಕೈಬಿಟ್ಟು ಹೊಸ ತಾಯಿ ಗಿಡದಿಂದ ಆರಂಭಿಸುವ ಪದ್ಧತಿ ಬಂದಿರುವುದು ಇದೇ ಕಾರಣದಿಂದ. ಬೇಡಿಕೆ ಏರಿದಾಗ ವರ್ಷಗಟ್ಟಲೆ ಒಂದೇ ಸಾಲನ್ನು ಎಳೆಯುವ ಉತ್ಪಾದಕರ ಸಸಿಗಳಲ್ಲಿ ವ್ಯತ್ಯಾಸ ಹೆಚ್ಚಾಗಿರುವ ಸಾಧ್ಯತೆ ಇದೆ.

ಔಷಧೀಯ ಸಸ್ಯಗಳಲ್ಲಿ ಸ್ಥಿರತೆಯ ವಿಶೇಷ ಮಹತ್ವ

ಬಾಳೆಯ ಗಿಡ ಗಿಡ್ಡವಾದರೆ, ಗೊನೆ ಸಣ್ಣದಾದರೆ ರೈತನ ಕಣ್ಣಿಗೆ ಕಾಣುತ್ತದೆ. ಔಷಧೀಯ ಸಸ್ಯಗಳಲ್ಲಿ ಮಾರಾಟವಾಗುವುದು ವಾಸ್ತವವಾಗಿ ಒಂದು ರಾಸಾಯನಿಕ ಘಟಕ. ಗಿಡದ ಹೊರರೂಪ ಯಥಾಸ್ಥಿತಿಯಲ್ಲಿದ್ದು ಘಟಕದ ಪ್ರಮಾಣ ಮಾತ್ರ ಕುಗ್ಗಿರಬಹುದು. ಖರೀದಿದಾರರ ಪ್ರಯೋಗಾಲಯದಲ್ಲಿ ಮಾದರಿ ತಿರಸ್ಕೃತವಾದಾಗಲೇ ಅದು ತಿಳಿಯುತ್ತದೆ.

ಬಜೆಯ ಉದಾಹರಣೆ ಬೋಧಪ್ರದವಾಗಿದೆ. ಈ ಸಸ್ಯದಲ್ಲಿ ವರ್ಣತಂತುಗಳ ಮೂಲಸಂಖ್ಯೆ 12. ಪ್ರಕೃತಿಯಲ್ಲಿ 24, 36 ಮತ್ತು 48 ವರ್ಣತಂತುಗಳ ಗಿಡಗಳಿವೆ. 24ರ ಗಿಡಗಳ ತೈಲದಲ್ಲಿ ಬೀಟಾ-ಅಸರೋನ್ ಎಂಬ ಘಟಕ ಇರುವುದಿಲ್ಲ. 36ರ ಗಿಡಗಳಲ್ಲಿ ಅಲ್ಪ ಪ್ರಮಾಣದಲ್ಲಿಯೂ, 48ರ ಗಿಡಗಳಲ್ಲಿ ಅಧಿಕ ಪ್ರಮಾಣದಲ್ಲಿಯೂ ಇರುತ್ತದೆ. ಈ ಘಟಕದ ಸುರಕ್ಷತೆಯ ಬಗ್ಗೆ ಪ್ರಶ್ನೆಗಳಿರುವುದರಿಂದ ಹಲವು ದೇಶಗಳು ಇದರ ಬಳಕೆಗೆ ಮಿತಿ ಹೇರಿವೆ. ವರ್ಣತಂತುಗಳ ಸಂಖ್ಯೆಯಲ್ಲಿನ ಬದಲಾವಣೆ ಇಲ್ಲಿ ಔಷಧದ ಸ್ವರೂಪವನ್ನೇ ಬದಲಿಸಬಲ್ಲದು. ಆದ್ದರಿಂದ ಕ್ಯಾಲಸ್ ಮೂಲದ ಬಜೆ ಸಸಿಗಳನ್ನು ವರ್ಣತಂತು ಪರೀಕ್ಷೆಯಿಲ್ಲದೆ ವಿತರಿಸುವುದು ಸಲ್ಲದು.

ತಾಯಿ ಗಿಡದ ಆಯ್ಕೆಯ ಮಹತ್ವಕ್ಕೆ ದುರ್ವಾಸನೆ ಮರ ಎಂದು ಕರೆಯುವ ನೊಥಾಪೊಡೈಟಿಸ್ ನಿಮ್ಮೋನಿಯಾನ ನಿದರ್ಶನ. ಪಶ್ಚಿಮ ಘಟ್ಟದ ಈ ಸಣ್ಣ ಮರದಲ್ಲಿ ಕ್ಯಾನ್ಸರ್ ಔಷಧಗಳ ಮೂಲವಸ್ತುವಾದ ಕ್ಯಾಂಪ್ಟೊಥೆಸಿನ್ ಇರುವುದನ್ನು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿ ಮಾಡಿದರು. ನಂತರದ ಅಧ್ಯಯನಗಳಲ್ಲಿ ಘಟ್ಟದ ಬೇರೆ ಬೇರೆ ಭಾಗಗಳ ಮರಗಳಲ್ಲಿ, ಒಂದೇ ಕಾಡಿನ ಮರದಿಂದ ಮರಕ್ಕೂ, ಈ ಘಟಕದ ಪ್ರಮಾಣ ಬಹಳ ವ್ಯತ್ಯಾಸವಾಗುವುದು ಕಂಡುಬಂದಿದೆ. ಯಾವ ಮರದ ಮೊಗ್ಗು ಎಂಬುದನ್ನು ಪರೀಕ್ಷಿಸದೆ ಮಾಡಿದ ಅಂಗಾಂಶ ಕೃಷಿಯಿಂದ ಇಲ್ಲಿ ಪ್ರಯೋಜನವಿಲ್ಲ. ಸ್ಥಿರತೆಯೊಂದೇ ಸಾಲದು; ಸ್ಥಿರವಾಗಿ ಉಳಿಸಿಕೊಳ್ಳಲು ಯೋಗ್ಯವಾದ ಗುಣ ತಾಯಿ ಗಿಡದಲ್ಲಿ ಇರಬೇಕು.

ಸ್ಥಿರತೆಯನ್ನು ಪರೀಕ್ಷಿಸುವ ವಿಧಾನಗಳು

1. ಬಾಹ್ಯ ಲಕ್ಷಣಗಳ ಪರಿಶೀಲನೆ: ಎಲೆಯ ಆಕಾರ, ಬಣ್ಣ, ಗೆಣ್ಣುಗಳ ಅಂತರ, ಗಿಡದ ಎತ್ತರ ಮತ್ತು ಹೂವಿನ ರಚನೆಯನ್ನು ತಾಯಿ ಗಿಡದೊಂದಿಗೆ ಹೋಲಿಸಲಾಗುತ್ತದೆ. ಖರ್ಚಿಲ್ಲದ ವಿಧಾನವಾದರೂ ಒಳಗಿನ ರಾಸಾಯನಿಕ ವ್ಯತ್ಯಾಸ ಇದರಿಂದ ತಿಳಿಯದು.

2. ವರ್ಣತಂತುಗಳ ಎಣಿಕೆ: ಬೇರಿನ ತುದಿಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಲಾಗುತ್ತದೆ. ಫ್ಲೋ ಸೈಟೋಮೆಟ್ರಿ ಯಂತ್ರದಿಂದ ಕೋಶದ ಡಿಎನ್‌ಎ ಪ್ರಮಾಣವನ್ನು ಶೀಘ್ರವಾಗಿ ಅಳೆಯಬಹುದು.

3. ಡಿಎನ್‌ಎ ಗುರುತುಗಳು: ಆರ್‌ಎಪಿಡಿ, ಐಎಸ್‌ಎಸ್‌ಆರ್, ಎಸ್‌ಎಸ್‌ಆರ್, ಸ್ಕಾಟ್ ಮುಂತಾದ ಪರೀಕ್ಷೆಗಳಲ್ಲಿ ತಾಯಿ ಗಿಡದ ಮತ್ತು ಸಸಿಗಳ ಡಿಎನ್‌ಎ ಪಟ್ಟಿಗಳನ್ನು ಹೋಲಿಸಲಾಗುತ್ತದೆ. ಈ ಪರೀಕ್ಷೆಗಳು ಇಡೀ ವಂಶವಾಹಿ ಸಮೂಹದ ಅತ್ಯಲ್ಪ ಭಾಗವನ್ನು ಮಾತ್ರ ನೋಡುತ್ತವೆ. ಆದ್ದರಿಂದ 'ಪಟ್ಟಿಗಳಲ್ಲಿ ವ್ಯತ್ಯಾಸ ಕಂಡಿಲ್ಲ' ಎಂಬ ವರದಿಯನ್ನು 'ವ್ಯತ್ಯಾಸವೇ ಇಲ್ಲ' ಎಂದು ಓದಬಾರದು. ಎರಡು ಬಗೆಯ ಗುರುತುಗಳಿಂದ ಪರೀಕ್ಷಿಸಿದ ವರದಿಗೆ ಹೆಚ್ಚಿನ ಬೆಲೆಯಿದೆ.

4. ರಾಸಾಯನಿಕ ವಿಶ್ಲೇಷಣೆ: ಎಚ್‌ಪಿಟಿಎಲ್‌ಸಿ ಅಥವಾ ಎಚ್‌ಪಿಎಲ್‌ಸಿ ವಿಧಾನದಿಂದ ಔಷಧೀಯ ಘಟಕವನ್ನು ಅಳೆಯಲಾಗುತ್ತದೆ. ಹೋಲಿಕೆ ನ್ಯಾಯಯುತವಾಗಬೇಕಾದರೆ ತಾಯಿ ಗಿಡದ ಸಾಂಪ್ರದಾಯಿಕ ಸಸಿ ಮತ್ತು ಅಂಗಾಂಶ ಕೃಷಿಯ ಸಸಿ ಎರಡನ್ನೂ ಒಂದೇ ಮಣ್ಣಿನಲ್ಲಿ, ಒಂದೇ ನೆರಳಿನಲ್ಲಿ, ಒಂದೇ ವಯಸ್ಸಿನವರೆಗೆ ಬೆಳೆಸಿರಬೇಕು. ಮಣ್ಣು, ನೆರಳು ಮತ್ತು ಕೊಯ್ಲಿನ ಕಾಲವೂ ಘಟಕದ ಪ್ರಮಾಣವನ್ನು ಬದಲಿಸುವುದರಿಂದ, ಕಡಿಮೆ ಬಂದ ಪ್ರತಿ ಫಲಿತಾಂಶಕ್ಕೂ ಸಸಿಯನ್ನೇ ಹೊಣೆ ಮಾಡಲಾಗದು.

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗಾಗಿ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ಸ್ಥಾಪಿಸಿದೆ. ಇದರಡಿ ಉತ್ಪಾದನಾ ಘಟಕಗಳಿಗೆ ಮಾನ್ಯತೆ ನೀಡಿ, ಮಾನ್ಯತೆ ಪಡೆದ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಸಿಗಳ ನಂಜುಮುಕ್ತತೆ ಮತ್ತು ತದ್ರೂಪತೆಯನ್ನು ಪರೀಕ್ಷಿಸಲಾಗುತ್ತದೆ. ಘಟಕಕ್ಕೆ ಮಾನ್ಯತೆ ಇರುವುದು ಬೇರೆ, ನಿಮಗೆ ಕೊಡುವ ತಂಡದ ಸಸಿಗಳಿಗೆ ಪ್ರಮಾಣಪತ್ರ ಇರುವುದು ಬೇರೆ. ಪ್ರತಿಯೊಂದು ಔಷಧೀಯ ಸಸ್ಯಕ್ಕೂ ಇಂತಹ ಪ್ರಮಾಣಪತ್ರ ದೊರೆಯುತ್ತದೆ ಎಂದು ಭಾವಿಸಬಾರದು. ಅದು ಇಲ್ಲದಿದ್ದಲ್ಲಿ ಮೇಲಿನ ಪರೀಕ್ಷೆಗಳ ವರದಿಯನ್ನು ಕೇಳಿ ಪಡೆಯಬೇಕು.

ಈ ಭಾಗಕ್ಕೆ ಸಂಬಂಧಿಸಿದ ಸಸ್ಯಗಳು

ಹಿಪ್ಪಲಿ: ಅಡಿಕೆ ಮತ್ತು ತೆಂಗಿನ ತೋಟದ ಭಾಗಶಃ ನೆರಳಿನಲ್ಲಿ ಬರುವ ಬಳ್ಳಿ. ಗಂಡು ಮತ್ತು ಹೆಣ್ಣು ಬಳ್ಳಿಗಳು ಪ್ರತ್ಯೇಕ. ಮಾರುಕಟ್ಟೆಗೆ ಬೇಕಾದುದು ಹೆಣ್ಣು ಬಳ್ಳಿಯ ತೆನೆ. ಕೇರಳ ಕೃಷಿ ವಿಶ್ವವಿದ್ಯಾಲಯದ 'ವಿಶ್ವಂ' ಹೆಸರಾದ ತಳಿ. ಗೆಣ್ಣಿನ ತುಂಡುಗಳೇ ಸುಲಭವಾಗಿ ಬೇರೂರುವುದರಿಂದ, ಕೊಳೆರೋಗಮುಕ್ತ ಆರಂಭಿಕ ಸಾಮಗ್ರಿಗಾಗಿ ಸ್ವಲ್ಪ ಅಂಗಾಂಶ ಕೃಷಿ ಸಸಿ ತಂದು, ಅದರಿಂದ ತೋಟದಲ್ಲಿಯೇ ವೃದ್ಧಿಸಿಕೊಳ್ಳುವುದು ಲಾಭಕರ.

ಬಜೆ: ನೀರು ನಿಲ್ಲುವ ತಗ್ಗು ಗದ್ದೆಗಳಿಗೆ ಸೂಕ್ತ. ಇಳುವರಿ ಮತ್ತು ಸುವಾಸನೆ ಪರಿಚಿತವಾಗಿರುವ ಸ್ಥಳೀಯ ಗೆಡ್ಡೆಯೇ ಮೊದಲ ಆಯ್ಕೆಯಾಗಿರಲಿ.

ಸರ್ಪಗಂಧ: ರಕ್ತದೊತ್ತಡದ ಔಷಧವಾದ ರೆಸರ್ಪಿನ್ ಅನ್ನು 1952ರಲ್ಲಿ ಇದರ ಬೇರಿನಿಂದ ಬೇರ್ಪಡಿಸಲಾಯಿತು. ಬೀಜದ ಮೊಳಕೆ ಪ್ರಮಾಣ ಕಡಿಮೆ ಹಾಗೂ ಅನಿಶ್ಚಿತ. ಗೆಣ್ಣಿನ ಮೊಗ್ಗಿನಿಂದ ಮಾಡಿದ ಅಂಗಾಂಶ ಕೃಷಿ ಇದಕ್ಕೆ ನಿಜಕ್ಕೂ ಉಪಯುಕ್ತ. ನೀರು ಬಸಿಯುವ ಮಣ್ಣು ಅವಶ್ಯ. ಬೇರು ಕೊಯ್ಲಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಂತರರಾಷ್ಟ್ರೀಯ ವ್ಯಾಪಾರ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ.

ಮರದರಿಶಿನ: ಬರ್ಬೆರಿನ್ ಇರುವ, ಪಶ್ಚಿಮ ಘಟ್ಟದ ದೊಡ್ಡ ಕಾಡುಬಳ್ಳಿ. ಅತಿಯಾದ ಸಂಗ್ರಹದಿಂದ ವಿನಾಶದ ಅಂಚಿಗೆ ಬಂದಿದೆ. ಗಂಡು ಹೆಣ್ಣು ಬಳ್ಳಿಗಳು ಬೇರೆ ಬೇರೆ, ಬೆಳವಣಿಗೆ ನಿಧಾನ. ಬಲಿತ ಅಂಗಾಂಶವು ಮಾಧ್ಯಮದಲ್ಲಿ ಕಂದುಗಟ್ಟಿ ಸಾಯುವುದರಿಂದ ಅಂಗಾಂಶ ಕೃಷಿ ಸುಲಭವಲ್ಲ. ಇದನ್ನು ಶೀಘ್ರ ಆದಾಯದ ಬೆಳೆಯೆಂದು ಮಾರುವವರ ಮಾತಿಗೆ ಒಳಗಾಗಬಾರದು. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಸಂರಕ್ಷಣೆಯ ದೃಷ್ಟಿಯಿಂದ ನೆಡಬಹುದು.

ಅಶೋಕ, ಉಪ್ಪಾಗೆ, ಮುರುಗಲು: ಇವುಗಳಿಗೆ ಅಂಗಾಂಶ ಕೃಷಿಯ ಅಗತ್ಯವಿಲ್ಲ. ಅಶೋಕ ಬೀಜದಿಂದ ಬರುತ್ತದೆ. ಆದರೆ ಅಲಂಕಾರಕ್ಕೆ ನೆಡುವ ಉದ್ದನೆಯ ಮರವನ್ನೂ ಅಶೋಕವೆಂದೇ ಮಾರುವುದರಿಂದ ಜಾತಿಯನ್ನು ಖಚಿತಪಡಿಸಿಕೊಳ್ಳಬೇಕು. ಉಪ್ಪಾಗೆ ಮತ್ತು ಮುರುಗಲಿನಲ್ಲಿ ಹಣ್ಣು ಬಿಡುವ ಮರದ ಕಡ್ಡಿಯಿಂದ ಕಸಿ ಮಾಡುವುದೇ ಸೂಕ್ತ.

ಆಗುಂಬೆ, ಕುದುರೆಮುಖ, ಚಾರ್ಮಾಡಿ ಮತ್ತು ಕೆಮ್ಮಣ್ಣುಗುಂಡಿಗಳಲ್ಲಿ ಅರಣ್ಯ ಇಲಾಖೆಯ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಿವೆ. ಸಂರಕ್ಷಿತ ಕಾಡಿನಿಂದ ತಾಯಿ ಗಿಡ ಅಥವಾ ಬೇರು ತರುವುದು ಅಪರಾಧ. ಕಾಡಿನಲ್ಲಿಯೂ ಬೆಳೆಯುವ ಜಾತಿಗಳನ್ನು ಕೃಷಿ ಮಾಡುವವರು ಸಸಿ ಖರೀದಿಯ ರಸೀದಿಯನ್ನು ಜೋಪಾನವಾಗಿಟ್ಟು, ಪಹಣಿಯಲ್ಲಿ ಬೆಳೆಯನ್ನು ನಮೂದಿಸಿಕೊಳ್ಳಬೇಕು. ಸಾಗಾಣಿಕೆಯ ವೇಳೆ ಇದೇ ಆಧಾರ.

ಅಡಿಕೆಯ ಅಂಗಾಂಶ ಕೃಷಿ ಕುರಿತು ಒಂದು ಮಾತು

ಹಳದಿ ಎಲೆ ರೋಗಪೀಡಿತ ತೋಟಗಳ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ ವೃದ್ಧಿಸುವ ಪ್ರಯತ್ನವೂ ಇದೇ ತತ್ತ್ವವನ್ನು ಅವಲಂಬಿಸಿದೆ. ಅಡಿಕೆಗೆ ಒಂದೇ ಬೆಳವಣಿಗೆಯ ತುದಿ; ಅದನ್ನು ತೆಗೆದರೆ ಮರವೇ ಸಾಯುತ್ತದೆ. ಗೋಟಿನಿಂದ ಬೆಳೆಸಿದರೆ ಪರಕೀಯ ಪರಾಗಸ್ಪರ್ಶದಿಂದ ಗುಣ ಚದುರುತ್ತದೆ. ಆದ್ದರಿಂದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಳೆಯ ಹಿಂಗಾರದ ಅಂಗಾಂಶದಿಂದ ಭ್ರೂಣ ರಚನೆಯ ಮೂಲಕ ಸಸಿ ಪಡೆಯುವ ವಿಧಾನವನ್ನು ರೂಪಿಸಿದ್ದಾರೆ. ಇದು ಕ್ಯಾಲಸ್ ಮೂಲದ ವಿಧಾನವಾದ್ದರಿಂದ ತದ್ರೂಪತೆಯ ಪರೀಕ್ಷೆಯೂ, ಗೊನೆ ಬಿಡುವವರೆಗಿನ ಕ್ಷೇತ್ರ ಪರೀಕ್ಷೆಯೂ ಅನಿವಾರ್ಯ. ರೋಗನಿರೋಧಕ ಅಡಿಕೆಯ ಟಿಶ್ಯೂ ಕಲ್ಚರ್ ಸಸಿ ಎಂದು ಖಾಸಗಿಯಾಗಿ ಮಾರಾಟಕ್ಕೆ ಬಂದಲ್ಲಿ, ಸಂಶೋಧನಾ ಸಂಸ್ಥೆಯ ಅಧಿಕೃತ ಶಿಫಾರಸು ಇದೆಯೇ ಎಂದು ವಿಚಾರಿಸದೆ ಕೊಳ್ಳಬಾರದು.

ಸಸಿ ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ತಾಯಿ ಗಿಡ ಯಾವುದು, ತಳಿಯ ಹೆಸರೇನು, ಅದರ ಔಷಧೀಯ ಘಟಕದ ವಿಶ್ಲೇಷಣಾ ವರದಿ ಇದೆಯೇ?
2. ಸಸಿಗಳು ಇರುವ ಮೊಗ್ಗಿನಿಂದ ಬಂದವೇ, ಕ್ಯಾಲಸ್‌ನಿಂದ ಬಂದವೇ?
3. ಈ ತಂಡ ಎಷ್ಟನೆಯ ವೃದ್ಧಿ ಚಕ್ರದ್ದು? ಮೂಲ ಸಾಲನ್ನು ಯಾವ ವರ್ಷ ಆರಂಭಿಸಲಾಯಿತು?
4. ತದ್ರೂಪತೆ ಮತ್ತು ನಂಜುಮುಕ್ತತೆಯ ಪರೀಕ್ಷೆ ಯಾವ ಪ್ರಯೋಗಾಲಯದಲ್ಲಿ ಆಯಿತು? ವರದಿ ಇದೇ ತಂಡದ್ದೇ?
5. ಎರಡನೆಯ ಹಂತದ ಹದಗೊಳಿಸುವಿಕೆ ಎಷ್ಟು ವಾರ ನಡೆದಿದೆ?
6. ಭಿನ್ನ ಗಿಡಗಳು ಕಂಡುಬಂದಲ್ಲಿ ಬದಲಿ ಸಸಿ ಅಥವಾ ಪರಿಹಾರದ ಷರತ್ತು ಲಿಖಿತವಾಗಿ ಇದೆಯೇ?
7. ಬೆಳೆದ ಉತ್ಪನ್ನವನ್ನು ಕೊಳ್ಳುವವರು ಯಾರು, ಯಾವ ಗುಣಮಟ್ಟಕ್ಕೆ, ಯಾವ ಒಪ್ಪಂದದಡಿ?

ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಉತ್ಪಾದಕರು ದಾಖಲೆ ಇಟ್ಟಿಲ್ಲವೆಂದೇ ತಿಳಿಯಬೇಕು. ಏಳನೆಯ ಪ್ರಶ್ನೆಯನ್ನೂ ಕಡೆಗಣಿಸಬಾರದು. ಎರಡು ದಶಕಗಳ ಹಿಂದೆ ವೆನಿಲ್ಲಾ ದರ ಗಗನಕ್ಕೇರಿ ನಂತರ ಕುಸಿದಾಗ, ಏರಿದ ಬೆಲೆಗೆ ಬಳ್ಳಿ ಕೊಂಡ ಮಲೆನಾಡಿನ ಬೆಳೆಗಾರರು ನಷ್ಟ ಅನುಭವಿಸಿದ್ದನ್ನು ಮರೆಯುವಂತಿಲ್ಲ.

ಹದಗೊಳಿಸುವಿಕೆ ಮತ್ತು ನಾಟಿ

ಬಾಟಲಿಯಲ್ಲಿ ಬೆಳೆದ ಸಸಿಯ ಎಲೆಯ ಮೇಲಿನ ಮೇಣದ ಪದರ ತೆಳುವಾಗಿರುತ್ತದೆ, ಎಲೆರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಏಕಾಏಕಿ ಹೊರತಂದರೆ ಬಾಡುತ್ತದೆ. ಬೇರಿಗಂಟಿದ ಅಗರ್ ಅನ್ನು ಸಂಪೂರ್ಣ ತೊಳೆದು, ತೆಂಗಿನ ನಾರಿನ ಪುಡಿ, ಮರಳು ಮತ್ತು ಎರೆಗೊಬ್ಬರದ ಮಿಶ್ರಣದಲ್ಲಿ ನೆಟ್ಟು, ಹೆಚ್ಚಿನ ಆರ್ದ್ರತೆಯ ಪಾಲಿಮನೆಯಲ್ಲಿ 3ರಿಂದ 4 ವಾರ ಇರಿಸಬೇಕು. ನಂತರ ನೆರಳು ಬಲೆಯಡಿ ಚೀಲಗಳಲ್ಲಿ 6ರಿಂದ 8 ವಾರ ಬೆಳೆಸಬೇಕು. ಈ ಹಂತದಲ್ಲಿ ಟ್ರೈಕೋಡರ್ಮ ಬಳಸುವುದರಿಂದ ಬೇರು ಕೊಳೆ ನಿಯಂತ್ರಣಕ್ಕೆ ಸಹಾಯವಾಗುತ್ತದೆ.

ಕೊಪ್ಪ ಮತ್ತು ಶೃಂಗೇರಿಯ ಜೂನ್‌ನಿಂದ ಆಗಸ್ಟ್‌ವರೆಗಿನ ಬಿರುಮಳೆಯಲ್ಲಿ ಎಳೆಯ ಅಂಗಾಂಶ ಕೃಷಿ ಸಸಿಗಳನ್ನು ನಾಟಿ ಮಾಡುವುದು ಸೂಕ್ತವಲ್ಲ. ನೀರಾವರಿ ಇರುವ ತೋಟಗಳಲ್ಲಿ ಮಳೆ ಇಳಿಮುಖವಾದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪ್ರಶಸ್ತ. ನರಸಿಂಹರಾಜಪುರದ ಪೂರ್ವ ಭಾಗದಲ್ಲಿ ಮಳೆ ಕಡಿಮೆಯಿರುವುದರಿಂದ, ಚೆನ್ನಾಗಿ ಹದಗೊಂಡ ಸಸಿಗಳನ್ನು ಮುಂಗಾರಿನ ಆರಂಭದಲ್ಲಿಯೂ ನೆಡಬಹುದು. ಎರಡೂ ಕಡೆ ಬಸಿಗಾಲುವೆ ಶುದ್ಧವಾಗಿರಬೇಕು. ಮಣ್ಣು ಹುಳಿಯಾಗಿರುವುದು ಸಾಮಾನ್ಯವಾದ್ದರಿಂದ, ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಕೊಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ಸಸಿ ವಿತರಿಸಿದ ಪ್ರತಿ ತಂಡದಿಂದ ಕನಿಷ್ಠ 100 ಗಿಡಗಳನ್ನು ಸಾಲು ಸಾಲಾಗಿ ಅಲ್ಲದೆ ಅಲ್ಲಲ್ಲಿಂದ ಆರಿಸಿ, ನಾಟಿಯಾದ 3, 6 ಮತ್ತು 12 ತಿಂಗಳಿಗೆ ಪರಿಶೀಲಿಸಬೇಕು. ತಾಯಿ ತಳಿಯ ಸಾಂಪ್ರದಾಯಿಕ ಸಸಿಗಳ ಒಂದು ಸಾಲು ಪಕ್ಕದಲ್ಲಿಯೇ ಇದ್ದರೆ ಹೋಲಿಕೆ ಸುಲಭ. 100 ಗಿಡಗಳಲ್ಲಿ ಒಂದೂ ಭಿನ್ನವಾಗಿ ಕಾಣದಿದ್ದರೆ, ತಂಡದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸದ ಪ್ರಮಾಣ ಶೇ. 3ಕ್ಕಿಂತ ಕಡಿಮೆ ಎಂದು ಶೇ. 95ರಷ್ಟು ವಿಶ್ವಾಸದಿಂದ ಹೇಳಬಹುದು. ಕೇವಲ 10 ಗಿಡ ನೋಡಿ ದೋಷವಿಲ್ಲವೆಂದರೆ ಹಾಗೆ ಹೇಳಲಾಗದು. ನಾಲ್ಕರಲ್ಲಿ ಒಂದು ಗಿಡ ಭಿನ್ನವಾಗಿರುವ ತಂಡವೂ ಅಂತಹ ಪರಿಶೀಲನೆಯನ್ನು ಒಮ್ಮೊಮ್ಮೆ ದಾಟಿಬಿಡಬಹುದು.

ಭಿನ್ನ ಗಿಡಗಳನ್ನು ಕೂಡಲೇ ಕಿತ್ತೆಸೆಯದೆ, ಗುರುತು ಹಾಕಿ, ಛಾಯಾಚಿತ್ರ ಮತ್ತು ತಂಡದ ಸಂಖ್ಯೆಯೊಂದಿಗೆ ದಾಖಲಿಸಿ ವಿಜ್ಞಾನಿಗಳಿಗೆ ತಿಳಿಸಬೇಕು. ಪೋಷಕಾಂಶದ ಕೊರತೆ ಅಥವಾ ನಂಜುರೋಗದಿಂದಲೂ ಗಿಡ ಭಿನ್ನವಾಗಿ ಕಾಣಬಹುದು. ಅಂತಹ ಗಿಡದ ತುಂಡಿನಿಂದ ಬೆಳೆಸಿದ ಹೊಸ ಗಿಡವನ್ನು ರೋಗಮುಕ್ತವಾಗಿ, ಉತ್ತಮ ಪೋಷಣೆಯಲ್ಲಿ ಬೆಳೆಸಿದರೂ ಲಕ್ಷಣ ಮರುಕಳಿಸಿದರೆ ಮಾತ್ರ ಅದು ಸಸಿಯ ಆಂತರಿಕ ದೋಷವೆಂದು ಶಂಕಿಸಬಹುದು.

ಮೊದಲ ಬಾರಿಗೆ ಔಷಧೀಯ ಸಸ್ಯ ಬೆಳೆಯುವ ರೈತರು ಇಡೀ ತೋಟಕ್ಕೆ ಒಮ್ಮೆಲೇ ನೆಡದೆ ಒಂದೆರಡು ಗುಂಟೆಯಲ್ಲಿ ಆರಂಭಿಸಿ, ಮೊದಲ ಕೊಯ್ಲಿನ ಮಾದರಿಯ ರಾಸಾಯನಿಕ ವಿಶ್ಲೇಷಣೆ ಮಾಡಿಸಿ, ಫಲಿತಾಂಶ ನೋಡಿ ವಿಸ್ತರಿಸುವುದು ಕ್ಷೇಮ. ಸಸಿಗಳ ಆಯ್ಕೆ, ಮಣ್ಣು ಪರೀಕ್ಷೆ ಮತ್ತು ಭಿನ್ನ ಗಿಡಗಳ ಪರಿಶೀಲನೆಗಾಗಿ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು, ಖರೀದಿಯ ರಸೀದಿ ಮತ್ತು ತಂಡದ ಸಂಖ್ಯೆಯೊಂದಿಗೆ ಸಂಪರ್ಕಿಸಬಹುದು.